ಗುಂಡಿಗೆಯತ್ತ ಬೆಳೆಯುವ ಗಂತಿ

ಮೂತ್ರದಲ್ಲಿ ಒಮ್ಮೆ ರಕ್ತ ಕಾಣಿಸಿಕೊಂಡು, ನೋವಿಲ್ಲದೆ ತಾನಾಗಿಯೇ ನಿಂತುಹೋದರೆ ‘ಉಷ್ಣವಾಗಿರಬೇಕು’ ಎಂದು ಎಳನೀರು ಕುಡಿದು ಸುಮ್ಮನಾಗುವವರುಂಟು. ಅದು ಮೂತ್ರಪಿಂಡದ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು.

ಗುಂಡಿಗೆಯಿಂದ ಹೊರಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳ ಮೂಲಕ ಹಾಯ್ದು, ಹೊಟ್ಟೆಯ ಹಿಂಬದಿಯ ಮಹಾಭಿಧಮನಿಯನ್ನು ಸೇರಿ ಮತ್ತೆ ಗುಂಡಿಗೆಗೆ ಮರಳುತ್ತದೆ. ಈ ಕ್ಯಾನ್ಸರಿಗೆ ಒಂದು ವಿಚಿತ್ರ ಸ್ವಭಾವವುಂಟು. ನೂರರಲ್ಲಿ ಸುಮಾರು 4ರಿಂದ 10 ರೋಗಿಗಳಲ್ಲಿ ಅದು ರಕ್ತದ ದಾರಿಯನ್ನೇ ಹಿಡಿದು, ಬಳ್ಳಿಯ ಕುಡಿಯಂತೆ ಅಭಿಧಮನಿಯೊಳಗೆ ಬೆಳೆಯುತ್ತದೆ. ಅಪರೂಪಕ್ಕೆ ಯಕೃತ್ತನ್ನೂ ದಾಟಿ ಗುಂಡಿಗೆಯ ಬಲಭಾಗದ ಮೇಲಿನ ಕೋಣೆಯನ್ನು ಮುಟ್ಟುತ್ತದೆ. ಆಗ ಕಾಲುಗಳು ಊದಿಕೊಳ್ಳಬಹುದು. ಗಂತಿಯ ತುಂಡೊಂದು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ.

ಹಾಗೆಂದು ಆಸೆ ಬಿಡಬೇಕಾಗಿಲ್ಲ. ಒಂದೇ ಮೂತ್ರಪಿಂಡದಿಂದ ಮನುಷ್ಯ ಬದುಕಬಲ್ಲನೆಂಬುದನ್ನು 1869ರಲ್ಲಿಯೇ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ಟಾವ್ ಸೈಮನ್ ಎಂಬ ಶಸ್ತ್ರವೈದ್ಯರು ತೋರಿಸಿಕೊಟ್ಟರು. ಮೊದಲು ನಾಯಿಗಳ ಮೇಲೆ ಪರೀಕ್ಷಿಸಿ, ಅನಂತರ ಬೇರೊಂದು ವ್ಯಾಧಿಯಿಂದ ನರಳುತ್ತಿದ್ದ ಮಹಿಳೆಯೊಬ್ಬರ ಒಂದು ಮೂತ್ರಪಿಂಡವನ್ನು ಅವರು ತೆಗೆದರು. ಆಕೆ ಗುಣ ಹೊಂದಿದರು. ಕ್ಯಾನ್ಸರ್ ತಗುಲಿದ ಮೂತ್ರಪಿಂಡವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯೊಡನೆಯೇ ತೆಗೆಯುವ ಕ್ರಮವನ್ನು 1963ರಲ್ಲಿ ಕೆನಡಾದ ಚಾರ್ಲ್ಸ್ ರಾಬ್ಸನ್ ವಿವರಿಸಿದರು.

ನಾಳದೊಳಗಿನ ಗಂತಿ ಅನೇಕ ವೇಳೆ ಗೋಡೆಗೆ ಅಂಟಿಕೊಳ್ಳದೆ ರಕ್ತದಲ್ಲಿ ತೇಲುತ್ತಿರುತ್ತದೆ. ಶಸ್ತ್ರವೈದ್ಯರಿಗೆ ಇದೇ ಭರವಸೆ. ಗಂತಿಯ ತುದಿ ಎಲ್ಲಿಯವರೆಗೆ ಮುಟ್ಟಿದೆಯೆಂಬುದನ್ನು ಸ್ಕ್ಯಾನಿನಿಂದ ಮೊದಲೇ ಅರಿತು, ಮೂತ್ರಪಿಂಡಕ್ಕೆ ರಕ್ತವನ್ನು ತರುವ ಅಪಧಮನಿಯನ್ನು ಕಟ್ಟುತ್ತಾರೆ. ಬಳಿಕ ಮಹಾಭಿಧಮನಿಯನ್ನು ಗಂತಿಯ ಮೇಲೂ ಕೆಳಗೂ ಚಿಮಟಗಳಿಂದ ಬಿಗಿದು, ಸೀಳಿ, ಗಂತಿಯನ್ನು ಮೂತ್ರಪಿಂಡದೊಡನೆ ಹೊರತೆಗೆದು, ನಾಳವನ್ನು ಹೊಲಿಯುತ್ತಾರೆ. ಗಂತಿ ಗುಂಡಿಗೆಯನ್ನೇ ಹೊಕ್ಕಿದ್ದರೆ ಹೃದಯದ ಶಸ್ತ್ರವೈದ್ಯರೂ ಜೊತೆಗೂಡಬೇಕು. ರಕ್ತಸಂಚಾರದ ಹೊಣೆಯನ್ನು ಯಂತ್ರಕ್ಕೆ ವಹಿಸಿ, ಕೆಲವೊಮ್ಮೆ ದೇಹವನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಸಿ, ಸ್ವಲ್ಪ ಹೊತ್ತು ರಕ್ತಸಂಚಾರವನ್ನೇ ನಿಲ್ಲಿಸುವುದೂ ಉಂಟು.

ಇದು ಸುಲಭದ ಚಿಕಿತ್ಸೆಯಲ್ಲ. ಗಂತಿ ಮೇಲೇರಿದಷ್ಟೂ ಅಪಾಯ ಹೆಚ್ಚು. ಆದರೂ ರೋಗವು ಬೇರೆ ಅಂಗಗಳಿಗೆ ಹರಡಿರದಿದ್ದರೆ, ಇಂತಹ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಗಂತಿ ಮೂತ್ರಪಿಂಡದೊಳಗೇ ಇದ್ದು ಚಿಕ್ಕದಾಗಿದ್ದಾಗ ಕಂಡುಬಂದರಂತೂ ಅನೇಕರಲ್ಲಿ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ, ಮೂತ್ರಪಿಂಡವನ್ನೇ ಉಳಿಸಬಹುದು.

ಆದುದರಿಂದ ಮೂತ್ರ ಒಮ್ಮೆ ಕೆಂಪಾದರೂ ಸರಿ, ಸಂಕೋಚಪಡದೆ ಮನೆಯವರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ನೋವಿಲ್ಲದ ಒಂದು ಅಲ್ಟ್ರಾಸೌಂಡ್ ಪರೀಕ್ಷೆಗೆ ತಗಲುವುದು ಕೆಲವೇ ನಿಮಿಷಗಳು. ಅದರಿಂದ ಉಳಿಯಬಹುದಾದದ್ದು ಒಂದು ಸಂಸಾರದ ನೆಮ್ಮದಿ.