ತಲೆನೋವಿಗೆ ಚೀನೀ ಚಿಕಿತ್ಸೆ

ತಲೆನೋವನ್ನು ಕಾಣದ ಮನೆ ಉಂಟೆ? ತಲೆ ಸಿಡಿಯತೊಡಗಿದರೆ ನಾವು ಶುಂಠಿಯನ್ನು ತೇದು ಹಣೆಗೆ ಪಟ್ಟು ಹಾಕುತ್ತೇವೆ. ಬಟ್ಟೆ ಬಿಗಿದು ಕತ್ತಲೆಯ ಕೋಣೆಯಲ್ಲಿ ಮಲಗುತ್ತೇವೆ. ಚೀನಾ ದೇಶದ ಸಾಂಪ್ರದಾಯಿಕ ವೈದ್ಯರು ಇದಕ್ಕೆ ಏನು ಮಾಡುತ್ತಾರೆ, ಅದರಿಂದ ಎಷ್ಟರಮಟ್ಟಿಗೆ ಗುಣವುಂಟು ಎಂಬುದನ್ನು ನೋಡೋಣ.

ಅಲ್ಲಿ ಈ ಚಿಕಿತ್ಸೆ ಬಹಳ ಹಳೆಯದು. ಕ್ರಿ. ಶ. 220ರಲ್ಲಿ ತೀರಿಕೊಂಡ ದಂಡನಾಯಕ ತ್ಸಾವ್ ತ್ಸಾವ್‌ಗೆ ಮತ್ತೆ ಮತ್ತೆ ತಲೆಶೂಲೆ ಬರುತ್ತಿತ್ತಂತೆ. ಹ್ವಾ ತ್ವೊ ಎಂಬ ವೈದ್ಯನು ಸೂಜಿ ಚುಚ್ಚಿದೊಡನೆ ನೋವು ನಿಲ್ಲುತ್ತಿತ್ತೆಂದು ಚೀನೀ ಚರಿತ್ರೆ ಹೇಳುತ್ತದೆ. ಊರಿಗೆ ಹೋದ ವೈದ್ಯನು ಕರೆದರೂ ಹಿಂದಿರುಗದಿದ್ದಾಗ ದಂಡನಾಯಕನು ಅವನನ್ನು ಕೊಲ್ಲಿಸಿದನು. ತಲೆನೋವು ಮಾತ್ರ ಉಳಿಯಿತು!

ಚೀನೀ ವೈದ್ಯರು ಔಷಧ ಕೊಡುವ ಮೊದಲು ನೋವು ಎಲ್ಲಿ, ಯಾವಾಗ, ಹೇಗೆ ಎಂದು ವಿಚಾರಿಸುತ್ತಾರೆ. ನಾಲಗೆಯನ್ನು ನೋಡಿ, ಎರಡು ಕೈಗಳ ನಾಡಿಯನ್ನೂ ಹಿಡಿಯುತ್ತಾರೆ. ದೇಹದಲ್ಲಿ 'ಚಿ' ಎಂಬ ಪ್ರಾಣಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತದೆ, ದಾರಿ ಕಟ್ಟಿದರೆ ನೋವು ಬರುತ್ತದೆ ಎಂಬುದು ಅವರ ಮತ. ಹಣೆಯ ನೋವನ್ನು ಜಠರದ ದಾರಿಗೂ, ಪಕ್ಕದ ನೋವನ್ನು ಪಿತ್ತಕೋಶದ ದಾರಿಗೂ, ನಡುನೆತ್ತಿಯ ನೋವನ್ನು ಯಕೃತ್ತಿನ ದಾರಿಗೂ ಸೇರಿಸುತ್ತಾರೆ. ಶರೀರವನ್ನು ಕೊಯ್ದು ಪರೀಕ್ಷಿಸಿದವರಿಗೆ ಈ ದಾರಿಗಳು ಕಂಡಿಲ್ಲ. ಆದರೆ ಚಿಕಿತ್ಸೆಯ ಫಲವನ್ನು ಬೇರೆಯಾಗಿ ಅಳೆಯಬಹುದಷ್ಟೆ.

ಹಾಗೆ ಅಳೆದದ್ದೂ ಉಂಟು. ಅರೆತಲೆನೋವಿನವರು 4985 ಮಂದಿಯನ್ನೊಳಗೊಂಡ 22 ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆಯ ಪಂಡಿತರು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ತಿಂಗಳಿಗೆ ಆರು ದಿನ ನರಳುವವರಿಗೆ ವಾಡಿಕೆಯ ಆರೈಕೆಯಿಂದ ಅದು ಐದು ದಿನಕ್ಕೆ ಇಳಿಯುತ್ತದೆ. ಸೋಗಿನ ಸೂಜಿಯಿಂದ ನಾಲ್ಕಕ್ಕೆ. ನಿಜವಾದ ಸೂಜಿಚಿಕಿತ್ಸೆಯಿಂದ ಮೂರೂವರೆಗೆ. ನೋವು ಬಾರದಂತೆ ದಿನವೂ ನುಂಗುವ ಮಾತ್ರೆಗಳ ಫಲವೂ ಹೆಚ್ಚುಕಡಮೆ ನಾಲ್ಕೇ ದಿನ. ಸೂಜಿಯಿಂದ ಪ್ರಯೋಜನವುಂಟು, ಆದರೆ ಅದರಲ್ಲಿ ಬಹುಪಾಲು ಎಲ್ಲಿ ಚುಚ್ಚಿದರೆಂಬುದನ್ನು ಅವಲಂಬಿಸಿದಂತೆ ತೋರುವುದಿಲ್ಲ. ಇದು ಒಂದು ದಿನದ ಕೆಲಸವೂ ಅಲ್ಲ. ಕೆಲವು ವಾರ ಬಿಡದೆ ಮಾಡಿಸಿಕೊಳ್ಳಬೇಕು. ಸೂಜಿ ಹೊಸದಾಗಿರಬೇಕು, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು. ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಹೆಬ್ಬೆರಳು ತೋರುಬೆರಳುಗಳ ನಡುವಿನ 'ಹಗು' ಬಿಂದುವನ್ನು ಅವರಿಗೆ ಚುಚ್ಚುವುದಿಲ್ಲ.

ಮೂಲಿಕೆಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಾಗಿರಬೇಕು. 'ಚ್ವಾನ್ ಷ್ಯುಂಗ್' ಎಂಬ ಬೇರನ್ನು ಮುಖ್ಯವಾಗಿಟ್ಟುಕೊಂಡ ಒಂದು ಚೂರ್ಣ ಸುಂಗ್ ವಂಶದ ಕಾಲದಿಂದ ಬಳಕೆಯಲ್ಲಿದೆ. ಅದನ್ನು ಚಹದೊಡನೆ ಸೇವಿಸುತ್ತಾರೆ. ಅದರಲ್ಲಿ ಸೇರುವ 'ಷೀ ಷಿನ್' ಎಂಬ ಮೂಲಿಕೆಯಲ್ಲಿ ಮೂತ್ರಪಿಂಡವನ್ನು ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲವಿರುತ್ತದೆ. ಎಲೆಯಲ್ಲಿ ಅದು ಹೆಚ್ಚು, ಬೇರಿನಲ್ಲಿ ಕಡಮೆ. ಬೇರುನಾರು ತಾನೆ ಎಂದು ಅಂಗಡಿಯಿಂದ ತಂದು ತಾವೇ ಸೇವಿಸುವುದು ಕ್ಷೇಮವಲ್ಲ.

ಎಲ್ಲ ತಲೆನೋವೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ವರ್ಷಗಳಿಂದ ಪರಿಚಯವಿರುವ ಅರೆತಲೆನೋವಿಗೆ, ವೈದ್ಯರು ಒಮ್ಮೆ ಪರೀಕ್ಷಿಸಿದ ಮೇಲೆ, ಸೂಜಿಯನ್ನು ಪ್ರಯತ್ನಿಸಬಹುದು. ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದಮೇಲಿನ ನೋವು – ಇವುಗಳಿಗೆ ಸೂಜಿಯೂ ಬೇಡ, ಶುಂಠಿಯೂ ಬೇಡ. ರೋಗಿಯನ್ನು ಆ ಕ್ಷಣವೇ ಆಸ್ಪತ್ರೆಗೆ ಸಾಗಿಸಿರಿ.