ಹೆಸರು ಮತ್ತು ಪ್ರತಿ: ಪೈಥಾನ್ ಭಾಷೆಯಲ್ಲಿ ಮೌಲ್ಯಾರೋಪಣೆಯ ಸ್ವರೂಪ

ಗ್ರಂಥಸಂಪಾದನೆಯಲ್ಲಿ ಓಲೆಪ್ರತಿಯೊಂದನ್ನು ನಕಲು ಮಾಡಿದರೆ ಎರಡು ಪ್ರತಿಗಳಾಗುತ್ತವೆ. ನಕಲಿನ ತಿದ್ದುಪಡಿ ಮಾತೃಕೆಯನ್ನು ಮುಟ್ಟುವುದಿಲ್ಲ. ಗಣಕದಲ್ಲಿ ಪಾಠಗಳನ್ನು ಸಂಸ್ಕರಿಸುವವರು ಇದೇ ನಂಬಿಕೆಯಿಂದ ಮುಂದುವರಿದರೆ ಮೂಲಪಾಠವನ್ನೇ ಕಳೆದುಕೊಳ್ಳುವ ಸಂಭವವುಂಟು. ಗೈಡೋ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಇದಕ್ಕೆ ನಿದರ್ಶನ. 2008ರ ಮೂರನೆಯ ಆವೃತ್ತಿಯಿಂದ ಈ ಭಾಷೆಯಲ್ಲಿ ಚರಾಂಶಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು.

ಪದ್ಯವೊಂದರ ಸಾಲುಗಳು ‘ಮೂಲ’ ಎಂಬ ಪಟ್ಟಿಯಲ್ಲಿವೆ ಎನ್ನಬಹುದು. ‘ಪರಿಷ್ಕೃತ = ಮೂಲ’ ಎಂದು ಬರೆದಾಗ ಹೊಸ ಪಟ್ಟಿ ಹುಟ್ಟುವುದಿಲ್ಲ; ಇರುವ ಪಟ್ಟಿಗೇ ಎರಡನೆಯ ಹೆಸರು ದೊರೆಯುತ್ತದೆ. ಕೆ.ವಿ. ಪುಟ್ಟಪ್ಪ, ಕುವೆಂಪು ಎಂಬೆರಡು ಹೆಸರುಗಳು ಒಬ್ಬರೇ ಕವಿಯನ್ನು ಸೂಚಿಸುವಂತೆ ಇದು. ‘ಪರಿಷ್ಕೃತ’ದ ಮೂರನೆಯ ಸಾಲನ್ನು ಬದಲಿಸಿದರೆ ‘ಮೂಲ’ದ ಮೂರನೆಯ ಸಾಲೂ ಬದಲಾಗುತ್ತದೆ, ಗಣಕವು ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ.

ಸಂಖ್ಯೆ ಹಾಗೂ ಅಕ್ಷರಸರಣಿಗಳಲ್ಲಿ ಈ ಅಪಾಯವಿಲ್ಲ. ಅಲ್ಲಿಯೂ ಹಂಚಿಕೆಯಾಗುವುದು ಹೆಸರೇ. ಆದರೆ ಅವು ಒಳಗಿನಿಂದ ತಿದ್ದಲಾಗದ ವಸ್ತುಗಳು. ಅವುಗಳ ವಿಷಯದಲ್ಲಿ ತಿದ್ದುಪಡಿಯೆಂದರೆ ಹೊಸ ವಸ್ತುವಿನ ಸೃಷ್ಟಿ.

ಪಟ್ಟಿಯ ನಿಜವಾದ ನಕಲು ಬೇಕಾದಲ್ಲಿ ‘ಕಾಪಿ’ ಆದೇಶವನ್ನು ಬಳಸಬೇಕು. ಅದಾದರೂ ಹೊರಪಟ್ಟಿಯನ್ನು ಮಾತ್ರ ನಕಲಿಸುತ್ತದೆ. ಸಂಧಿಗಳ ಪಟ್ಟಿಯೊಳಗೆ ಪದ್ಯಗಳ ಪಟ್ಟಿಗಳಿದ್ದರೆ, ಆ ಒಳಪಟ್ಟಿಗಳು ಎರಡು ಹೆಸರುಗಳಿಗೂ ಸಮಾನವಾಗಿ ಉಳಿಯುತ್ತವೆ. ಅವನ್ನೂ ಪ್ರತ್ಯೇಕಿಸಲು ‘ಡೀಪ್‌ಕಾಪಿ’ಯೇ ಅಗತ್ಯ.

ಹೀಗಾಗಿ ಪಾಠಾಂತರಗಳನ್ನು ಹೋಲಿಸುವ ಮುನ್ನ, ಎದುರಿಗಿರುವುದು ಎರಡು ಪ್ರತಿಗಳೋ ಒಂದೇ ಪ್ರತಿಯ ಎರಡು ಹೆಸರುಗಳೋ ಎಂಬುದನ್ನು ಸಂಶೋಧಕರು ಖಚಿತಪಡಿಸಿಕೊಳ್ಳಬೇಕು. ಎರಡನೆಯದಾದರೆ ಎಷ್ಟು ತಿದ್ದಿದ್ದರೂ ಒಂದು ಪಾಠಾಂತರವೂ ಕಾಣಿಸದು. ಆ ಸಾಮ್ಯವು ಹುಸಿ.