ಖಾತೆಗೆ ಬೀಗ ಬಿದ್ದಾಗ: ಒಪ್ಪಿಗೆಯ ಕೊಂಡಿ ಕಳಚಿದ್ದೆಲ್ಲಿ?



‘ಈ ಖಾತೆಯನ್ನು ಬಳಸಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು.’ ಪರದೆಯ ಮೇಲೆ ಈ ಸಾಲು ಮೂಡಿತೆಂದರೆ ಕೈಕಾಲು ಆಡದಂತಾಗುತ್ತದೆ. ಒಳಗೆ ಪ್ರಾಜೆಕ್ಟಿನ ಟಿಪ್ಪಣಿಗಳಿವೆ, ಫೋಟೋಗಳಿವೆ. ಪರೀಕ್ಷೆಯ ಅರ್ಜಿಯಲ್ಲಿ ಕೊಟ್ಟ ಈಮೇಲ್ ವಿಳಾಸವೂ ಅದೇ. ಇದು ನಮ್ಮ ಮನೆಯಲ್ಲೂ ನಡೆಯಿತು.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ಮಗನಿಗೊಂದು ಖಾತೆ ಬೇಕಾಯಿತು. ಅವಸರದಲ್ಲಿ ನಾನು ನನ್ನ ಜನ್ಮದಿನಾಂಕವನ್ನೇ ತುಂಬಿದೆ. ಒಂಬತ್ತನೇ ತರಗತಿಗೆ ಬಂದ ಮೇಲೆ ಅವನು ಅದನ್ನು ಕಂಡು ನಕ್ಕು, ಸರಿಪಡಿಸಲು ಹೊರಟ. ಇಸವಿಗಳ ಪಟ್ಟಿಯಲ್ಲಿ ಬೆರಳು ಜಾರಿ ಮೂರು ವರ್ಷ ಈಚಿನದನ್ನು ಒತ್ತಿಬಿಟ್ಟ. ಗಣಕದ ಲೆಕ್ಕದಲ್ಲಿ ನಲವತ್ತು ದಾಟಿದ್ದವನು ಒಂದೇ ಕ್ಷಣಕ್ಕೆ 11ರ ಬಾಲಕನಾದ! ಬೀಗ ಬಿತ್ತು. ಒಪ್ಪಿಗೆ ಕೊಡಲು ನಾನು ಅವನ ಲ್ಯಾಪ್‌ಟಾಪಿನಲ್ಲಿ ಮೂರು ಸಲ ಯತ್ನಿಸಿದೆ. ಮೂರು ಸಲವೂ ತಿರಸ್ಕಾರ.

ಈ ಬೀಗ ಏಕೆ? ಗಣಕಕ್ಕೆ ನಿಮ್ಮ ಮುಖ ಗೊತ್ತಿಲ್ಲ, ನೀವು ಕೊಟ್ಟ ದಿನಾಂಕವಷ್ಟೇ ಗೊತ್ತು. ಅಮೆರಿಕದಲ್ಲಿ 1998ರಲ್ಲಿ ರೂಪುಗೊಂಡು 2000ದಲ್ಲಿ ಜಾರಿಗೆ ಬಂದ ಕಾಯ್ದೆಯೊಂದು, 13 ತುಂಬದ ಮಕ್ಕಳ ವಿವರಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು ಹೇಳಿತು. ದೊಡ್ಡ ಕಂಪನಿಗಳು ಹೆಚ್ಚಾಗಿ ಅಲ್ಲಿಯವೇ ಆದ್ದರಿಂದ 13 ಎಂಬ ಗೆರೆ ಜಗತ್ತಿಗೆಲ್ಲ ಹರಡಿತು. ಯುರೋಪಿನಲ್ಲಿ 2018ರಿಂದ ಈ ಗೆರೆ 16. ಆದರೆ ಅಲ್ಲಿನ ದೇಶಗಳು ಅದನ್ನು 13ರವರೆಗೆ ಇಳಿಸಿಕೊಳ್ಳಬಹುದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ 18 ತುಂಬುವವರೆಗೂ ನೀವು ಮಕ್ಕಳೇ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು. ಎಂದರೆ, ಪಿಯುಸಿಯಲ್ಲಿರುವವರಿಗೂ ಒಪ್ಪಿಗೆಯ ಪ್ರಶ್ನೆ ಬಂದೇ ಬರುತ್ತದೆ.

ಸ್ಟುಡಿಯೋದಲ್ಲಿ ಚಿತ್ರ ಮೂಡದಿದ್ದರೆ ನಮ್ಮ ಇಂಜಿನಿಯರುಗಳು ಕ್ಯಾಮರಾದಿಂದ ಮಾನಿಟರಿನವರೆಗೆ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತಾರೆ. ಎರಡನ್ನು ಒಟ್ಟಿಗೆ ಬದಲಿಸುವುದಿಲ್ಲ. ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯದು. ಖಾತೆಯ ವಿಷಯದಲ್ಲೂ ಹಾಗೆಯೇ ಮಾಡೋಣ.

1. ದಿನಾಂಕ ಸರಿಯಿದೆಯೇ? ಇಸವಿ ತಪ್ಪಿದ್ದರೆ ಒಪ್ಪಿಗೆ ಅದಕ್ಕೆ ಪರಿಹಾರವಲ್ಲ, ತಿದ್ದುಪಡಿಯೇ ಆಗಬೇಕು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ ಎಂಬುದೂ ನೆನಪಿರಲಿ. 05-11 ಎಂದರೆ ನಮಗೆ ನವೆಂಬರ್ 5, ಅವರಿಗೆ ಮೇ 11. ಹದಿಮೂರರ ಅಂಚಿನಲ್ಲಿರುವವರಿಗೆ ಈ ಆರು ತಿಂಗಳೇ ಬೀಗವಾಗಬಹುದು.

2. ಈಗ ಒಳಗಿರುವವರು ಯಾರು? ನಾನು ಎಡವಿದ್ದು ಇಲ್ಲೇ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಮಗನ ಚಿತ್ರವಿತ್ತು. ಗಣಕದ ದೃಷ್ಟಿಯಲ್ಲಿ ಮಗನೇ ತನಗೆ ತಾನು ಒಪ್ಪಿಗೆ ಕೊಡುತ್ತಿದ್ದ! ಒಪ್ಪಿಗೆಯ ಪತ್ರವನ್ನು ಹೆತ್ತವರ ಫೋನಿನಲ್ಲಿ, ಅವರ ಖಾತೆಯಲ್ಲೇ ತೆರೆಯಬೇಕು.

3. ಪತ್ರ ತಲುಪಿದೆಯೇ? ಸ್ಪ್ಯಾಮ್ ಪೆಟ್ಟಿಗೆಯಲ್ಲೂ ಹುಡುಕಿ. ಹಳೆಯ ಪತ್ರದ ಅವಧಿ ಮುಗಿದಿರಬಹುದು. ಹೊಸದನ್ನು ತರಿಸಿಕೊಂಡು ಕೊನೆಗೆ ಬಂದದ್ದನ್ನೇ ಬಳಸಿ.

4. ಹೆತ್ತವರು ವಯಸ್ಕರೆಂದು ಗಣಕಕ್ಕೆ ಗೊತ್ತೇ? ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಜನ್ಮದಿನ ನಮ್ಮಲ್ಲಿ ಎಷ್ಟೋ ಅಪ್ಪ-ಅಮ್ಮಂದಿರದು. ದಾಖಲೆಯಲ್ಲಿ ಅದು, ಖಾತೆಯಲ್ಲಿ ನಿಜವಾದ ದಿನ ಇದ್ದರೆ ಪರಿಶೀಲನೆಯಲ್ಲಿ ತಾಳೆಯಾಗದೆ ಹೋಗಬಹುದು. ಕೆಲವು ಕಂಪನಿಗಳು ಪುರಾವೆಗೆ ಕ್ರೆಡಿಟ್ ಕಾರ್ಡ್ ಕೇಳುತ್ತವೆ. ಅದು ವಯಸ್ಕರ ಬಳಿಯೇ ಇರುತ್ತದೆಂಬುದು ಅವರ ತರ್ಕ. ಕಾರ್ಡ್ ಇಲ್ಲದ ಮನೆಯವರು ಗುರುತಿನ ಚೀಟಿಯ ದಾರಿ ಇದೆಯೇ ನೋಡಬೇಕು. ನಮ್ಮ ಹೊಸ ನಿಯಮಗಳಲ್ಲಿ ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕ ದೃಢಪಡಿಸಲು ಅವಕಾಶವಿದೆ.

5. ದೇಶ ಒಂದೇ ಆಗಿದೆಯೇ? ಅಪ್ಪ ದುಬೈನಲ್ಲಿ, ಮಗಳು ಮಂಗಳೂರಿನಲ್ಲಿ ಇದ್ದರೆ ಕೆಲವು ಕಂಪನಿಗಳ ಕುಟುಂಬ ಗುಂಪಿಗೆ ಇಬ್ಬರೂ ಸೇರಲಾಗುವುದಿಲ್ಲ. ಊರಲ್ಲಿರುವ ಅಮ್ಮ ಒಪ್ಪಿಗೆ ಕೊಡುವುದು ಸುಲಭ.

ಅಮ್ಮನ ಬಳಿ ಗುಂಡಿ ಒತ್ತುವ ಫೋನಷ್ಟೇ ಇದ್ದರೆ? ಆಗ ಎಷ್ಟೋ ಮಕ್ಕಳು ಒಳದಾರಿ ಹಿಡಿಯುತ್ತಾರೆ: ಅಮ್ಮನ ಹೆಸರಿನಲ್ಲಿ ತಾವೇ ಖಾತೆ ತೆರೆದು, ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಳ್ಳುತ್ತಾರೆ. ಇನ್ನು ಕೆಲವರು 18 ದಾಟಿದೆ ಎಂದು ಬರೆದುಬಿಡುತ್ತಾರೆ. ಅಂದಿಗೆ ಕೆಲಸ ಆಗುತ್ತದೆ, ನಿಜ. ಆದರೆ ಮುಂದೊಂದು ದಿನ ಪುರಾವೆ ಕೇಳಿದಾಗ ನಿಮ್ಮ ಕೈಲಿರುವ ದಾಖಲೆಗೂ ಖಾತೆಗೂ ತಾಳೆಯಾಗುವುದಿಲ್ಲ. ಇನ್ನೊಂದು ಮಾತು: ಮಕ್ಕಳ ಚಲನವಲನವನ್ನು ಹಿಂಬಾಲಿಸಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು ಎಂದು 2023ರ ಕಾಯ್ದೆ ಹೇಳುತ್ತದೆ. ಹೊಣೆ ತಪ್ಪಿದ ಕಂಪನಿಗೆ 200 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ವಯಸ್ಸು ಸುಳ್ಳು ಹೇಳಿದವರು ಆ ರಕ್ಷಣೆಯ ಬೇಲಿಯನ್ನು ತಾವೇ ದಾಟಿ ಹೊರಗೆ ನಿಂತಂತೆ. ಅದರ ಬದಲು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕಣ್ಣೆದುರಿಗೇ ಅವರದೊಂದು ಖಾತೆ ತೆರೆದುಕೊಡಿ. ಪಾಸ್‌ವರ್ಡ್ ಅವರೇ ಇಟ್ಟುಕೊಳ್ಳಲಿ. ಶಾಲಾ ಕೆಲಸಕ್ಕಾದರೆ ಶಾಲೆಯೇ ಖಾತೆ ಕೊಡುವ ಏರ್ಪಾಡಿದೆಯೇ ಎಂದೂ ವಿಚಾರಿಸಿ.

ಒಂದು ಎಚ್ಚರಿಕೆ. ಬೀಗ ತೆಗೆಸಿಕೊಡುತ್ತೇವೆ ಎನ್ನುವ ಅಪರಿಚಿತ ‘ಸಹಾಯವಾಣಿ’ಗಳಿಗೆ ಒಟಿಪಿಯನ್ನಾಗಲಿ ಕಾರ್ಡಿನ ಸಂಖ್ಯೆಯನ್ನಾಗಲಿ ಹೇಳಬೇಡಿ. ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಿ.

ನಮ್ಮ ಮನೆಯ ಕತೆ ಎಲ್ಲಿಗೆ ಬಂತು? ನನ್ನ ಫೋನಿನಲ್ಲಿ ಪತ್ರ ತೆರೆದೆ. ಒಪ್ಪಿಗೆಯ ಗುಂಡಿ ಒತ್ತಲು ಬೆರಳು ಹೋದಾಗ ಮಗ ಕೇಳಿದ: “ಅಪ್ಪ, ಅದನ್ನ ಓದಿದ್ಯಾ?” ಓದಿರಲಿಲ್ಲ. ಇಬ್ಬರೂ ಕೂತು ಓದಿದೆವು. ಅವನು ಎಲ್ಲಿದ್ದಾನೆ, ಎಷ್ಟು ಹೊತ್ತು ಬಳಸಿದ ಎಂದು ನಾನು ನೋಡಬಹುದೆಂಬ ಸಂಗತಿ ಅಲ್ಲಿತ್ತು. ಯಾವುದು ಇರಲಿ, ಯಾವುದು ಬೇಡ ಎಂದು ಅರ್ಧ ಗಂಟೆ ವಾದವಾಯಿತು. ಆಮೇಲೆ ಗುಂಡಿ ಒತ್ತಿದೆ. ಖಾತೆ 11ರ ಬಾಲಕನದಾಗಿ ತೆರೆಯಿತು. ದಾಖಲೆ ಕಳಿಸಿ ಇಸವಿ ತಿದ್ದಿಸಿದ ಮೇಲೆ 14ರ ಹುಡುಗನದಾಯಿತು.

2020ರಲ್ಲಿ ಸುಳ್ಳು ದಿನಾಂಕ ತುಂಬುವಾಗ ಈ ಅರ್ಧ ಗಂಟೆಯನ್ನೇ ನಾನು ಉಳಿಸಿಕೊಂಡದ್ದು. ಇಂದು ಸಂಜೆ ನಿಮ್ಮ ಖಾತೆಯಲ್ಲಿ ಯಾವ ಜನ್ಮದಿನಾಂಕವಿದೆ ಎಂದು ಒಮ್ಮೆ ನೋಡಿ. ತಪ್ಪಿದ್ದರೆ ನೀವೊಬ್ಬರೇ ತಿದ್ದಲು ಹೋಗಬೇಡಿ. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಸವಿಯನ್ನು ಎರಡು ಸಲ ನೋಡಿ, ತಿದ್ದಿ.